ಬಲಿತ ಜಿಂಕೆ, ಮುದಿ ಜಿಂಕೆ: ಕೋಡು ಹೇಳದ ವಯಸ್ಸು

ಗಡಹಿಂಗ್ಲಜದ ನಮ್ಮ ಹಳೆಯ ಮನೆಯ ಪಡಸಾಲೆಯಲ್ಲಿ ಒಂದು ಕಡವೆಯ ಕೊಂಬಿನ ಜೋಡಿ ಇದೆ. ಅದರ ಮಾಲಕತ್ವದ ಪ್ರಮಾಣಪತ್ರವನ್ನ ಅಜ್ಜಿ ಇನ್ನೂ ಟ್ರಂಕಿನಲ್ಲಿಟ್ಟಿದ್ದಾಳೆ. "ನಿಮ್ಮಜ್ಜ ಮುದಿ ಪ್ರಾಣಿ ಬಿಟ್ಟು ಬೇರೆ ಹೊಡೀತಿರಲಿಲ್ಲ" ಅಂತ ಅವಳ ಮಾತು. ಈ ಪ್ರಬಂಧದ ಮೊದಲ ಕರಡಿನಲ್ಲಿ ನಾನು ಕೊಂಬಿನ ಕವಲು ಎಣಿಸಿ, ಆರು ಇದ್ದವು, "ಆರು ವರ್ಷದ ಕಡವೆ" ಅಂತ ಬರೆದುಬಿಟ್ಟಿದ್ದೆ. ಅದು ತಪ್ಪು. ಯಾಕೆ ತಪ್ಪು ಅನ್ನೋದೇ ಇವತ್ತಿನ ವಿಷಯ.

ಮೊದಲು ಒಂದು ವ್ಯತ್ಯಾಸ. ಕಡವೆ, ಚುಕ್ಕೆಜಿಂಕೆಗಳ ಕವಲುಗೊಂಬು ಮೂಳೆಯದು. ಉದುರಿ ಮತ್ತೆ ಹುಟ್ಟುತ್ತದೆ. ಬಲಿತ ಗಂಡಿಗೆ ಸಾಮಾನ್ಯವಾಗಿ ಒಂದೊಂದು ಬದಿಗೆ ಮೂರು ಕವಲು. ಆಮೇಲೆ ವಯಸ್ಸು ಏರಿದರೂ ಕವಲು ಏರುವುದಿಲ್ಲ. ಗಾತ್ರವು ಮೇವು, ಆರೋಗ್ಯ, ವಂಶ ಇವುಗಳನ್ನೂ ಅವಲಂಬಿಸುತ್ತದೆ. ಮುಪ್ಪಿನಲ್ಲಿ ಕೊಂಬು ಕುಗ್ಗುವುದೂ ಉಂಟು. ಅಂದರೆ ದೊಡ್ಡ ಕೊಂಬಿನ ಬೆನ್ನು ಹತ್ತಿದವನಿಗೆ ನಿಜವಾದ ಮುದಿ ಪ್ರಾಣಿ ತಪ್ಪಿಹೋಗಬಹುದು. ವಯಸ್ಸು ತಿಳಿಯೋದು ದವಡೆಹಲ್ಲಿನ ಸವೆತದಿಂದ. ಜೀವಂತ ಪ್ರಾಣಿಯಲ್ಲಾದರೆ ದಪ್ಪ ಕುತ್ತಿಗೆ, ಜೋತ ಹೊಟ್ಟೆ, ಬಾಗಿದ ಬೆನ್ನಿನಿಂದ ಅಂದಾಜು ಮಾಡಬೇಕು.

ಅಮೆರಿಕದ ಬಿಳಿಬಾಲದ ಜಿಂಕೆಯ ಬೇಟೆಗಾರರಲ್ಲಿ ಕೆಲವರು ಹೀಗೆ ಮೈಕಟ್ಟು ನೋಡಿ ಎಳೆಯ ಗಂಡುಗಳನ್ನು ಬಿಟ್ಟುಬಿಡುತ್ತಾರೆ. ಕೋಡನ್ನೇ ಅಳತೆಗೋಲು ಮಾಡಿಕೊಂಡರೆ ಏನಾಗುತ್ತದೆ ಅನ್ನೋದಕ್ಕೆ ಕೆನಡಾದ ರ‍್ಯಾಮ್ ಮೌಂಟನ್ ಉದಾಹರಣೆ. ಅಲ್ಲಿಯ ಕಾಡುಕುರಿಗಳ ಬಗ್ಗೆ 2003ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಕೋಡು ಬೇಗ ಬೆಳೆದ ಟಗರುಗಳು ಹೆಚ್ಚು ಮರಿ ಹುಟ್ಟಿಸುವ ಮೊದಲೇ ಗುಂಡಿಗೆ ಬಿದ್ದವು. ವರ್ಷ ಕಳೆದಂತೆ ಹಿಂಡಿನಲ್ಲಿ ಕೋಡು ಸಣ್ಣದಾಯಿತು.

ಈಗ ನಮ್ಮ ಕಡೆಗೆ ಬರೋಣ. ಕೊಲ್ಹಾಪುರ ಸಂಸ್ಥಾನದಲ್ಲಿ ಸಾಕಿದ ಚೀತಾಗಳನ್ನು, ಅಂದರೆ ಸಿವಂಗಿಗಳನ್ನು, ಬಿಟ್ಟು ಕೃಷ್ಣಮೃಗದ ಬೇಟೆ ಆಡುತ್ತಿದ್ದರು. ನಾವು ಚಿಗರಿ ಅಂತೀವಲ್ಲ, ಅದೇ. ಇದು ಜಿಂಕೆಯ ಕುಲದ್ದಲ್ಲ, ಇದರ ಕೋಡು ಉದುರುವುದಿಲ್ಲ. ಗಂಡು ಬೆಳೆದಂತೆ ಕೋಡು ಸುರುಳಿಯಾಗಿ ಉದ್ದವಾಗುತ್ತದೆ, ಕಂದು ಮೈ ಕಪ್ಪಾಗುತ್ತದೆ. ಹಾಗಾದ್ರೆ ಕರಿ ಗಂಡನ್ನು ಆರಿಸಿದರೆ ಮುದಿಯದನ್ನು ಆರಿಸಿದಂತೆ ಆಯಿತಲ್ಲ ಅಂತೀರಿ. ಇಲ್ಲ. ಕಪ್ಪು ಮೈ ಹೇಳೋದು "ಬಲಿತ" ಅಂತ, "ಮುದಿ" ಅಂತ ಅಲ್ಲ. ತನ್ನ ನೆಲ ಕಾದುಕೊಂಡು ಹೆಣ್ಣುಗಳನ್ನು ಕೂಡುವುದು ಆ ಕರಿ ಗಂಡೇ. ಅದನ್ನು ಹೊಡೆದರೆ ಹೋಗುವುದು ಹಿಂಡಿನ ತಂದೆ.

ಆದ್ದರಿಂದ ನನ್ನ ವಾದ ಇಷ್ಟು: "ಮುದಿಯದನ್ನಷ್ಟೇ ಹೊಡೆದೆವು" ಅನ್ನೋದು ನೀತಿಯ ಮಾತಾಗುವ ಮೊದಲು ಪುರಾವೆ ಬೇಡುವ ಮಾತು. ಗೋಡೆಯ ಕೊಂಬು ಆ ಪುರಾವೆ ಕೊಡುವುದಿಲ್ಲ. ವಯಸ್ಸು ಹೇಳಬಲ್ಲ ದವಡೆಯನ್ನು ಎಸೆದು, ಹೇಳಲಾರದ ಕೊಂಬನ್ನು ಕಾಪಾಡಿಕೊಂಡಿದ್ದೇವೆ.

ಕೊನೆಯಲ್ಲಿ ಇಚಲಕರಂಜಿಯ ಸಹಪಾಠಿಯೊಬ್ಬರು ಕೇಳಿದರು: "ಈಗ ಬೇಟೆಯೇ ಇಲ್ಲ, ಈ ಚರ್ಚೆ ಯಾಕೆ?" ಒಳ್ಳೇ ಪ್ರಶ್ನೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿ ಕೃಷ್ಣಮೃಗ ಇದೆ. ಒಂದು ಕಾಲಕ್ಕೆ ಶಾಹೂ ಮಹಾರಾಜರ ಬೇಟೆಯ ಕಾಡಾಗಿದ್ದ ದಾಜೀಪುರ 1958ರಲ್ಲೇ ಅಭಯಾರಣ್ಯವಾಯಿತು. ಆದರೆ ಹಳೆಯ ಬೇಟೆಯನ್ನು ನಾವು ನೆನೆಯುವ ರೀತಿ ಇನ್ನೂ ಕೊಂಬಿನ ಅಳತೆಯದೇ. ಅಜ್ಜ ಸುಳ್ಳು ಹೇಳಿದ ಅಂತ ನಾನು ಹೇಳುತ್ತಿಲ್ಲ. ಆತನ ಮಾತನ್ನು ನಿಜ ಅಂತ ತೋರಿಸೋದಕ್ಕೆ ನನ್ನ ಹತ್ತಿರ ಏನೂ ಉಳಿದಿಲ್ಲ. ಅಜ್ಜಿಗೆ ಇದನ್ನ ಹೇಗೆ ಹೇಳೋದು ಅಂತ ಮಾತ್ರ ಇನ್ನೂ ಗೊತ್ತಾಗಿಲ್ಲ.