ಕಡಲ ಮಟ್ಟದ ಕೆಳಗೆ ಕಬ್ಬು: ಗಯಾನಾ ದೇಶದ ಬಸಿಗಾಲುವೆಗಳು ಕಲಿಸುವ ಪಾಠ



ಕಬ್ಬು ಹೆಚ್ಚು ನೀರು ಕುಡಿಯುವ ಬೆಳೆ ಎಂಬುದನ್ನು ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಅದು ನಿಂತ ನೀರನ್ನು ತಾಳುವ ಬೆಳೆಯಲ್ಲ. ಬೇರಿಗೆ ನೀರಿನ ಜೊತೆಗೆ ಗಾಳಿಯೂ ಬೇಕು. ಆದ್ದರಿಂದ ಹೊಲಕ್ಕೆ ನೀರು ತರುವುದು ಅರ್ಧ ಕೆಲಸವಾದರೆ, ಹೆಚ್ಚಾದ ನೀರನ್ನು ಹೊರಗೆ ಕಳಿಸುವುದು ಉಳಿದರ್ಧ. ಇದನ್ನು ಚೆನ್ನಾಗಿ ತಿಳಿಯಲು, ಜವುಗು ನೆಲವನ್ನೇ ಕಬ್ಬಿನ ಭೂಮಿಯಾಗಿ ಮಾಡಿದ ಒಂದು ದೇಶದ ಇತಿಹಾಸವನ್ನು ಈ ವಾರ ನೋಡೋಣ.

ಗಯಾನಾ ದಕ್ಷಿಣ ಅಮೆರಿಕದ ಉತ್ತರ ಕರಾವಳಿಯಲ್ಲಿದೆ. ಅಲ್ಲಿ ಕಬ್ಬು ಬೆಳೆಯುವುದು ಕಡಲಂಚಿನ ಕಿರಿದಾದ ಪಟ್ಟಿಯಲ್ಲಿ. ಅದರ ಬಹುಭಾಗ ಸಮುದ್ರದ ಉಬ್ಬರದ ಮಟ್ಟಕ್ಕಿಂತ ಕೆಳಗಿದೆ. ಮುಂದೆ ಉಪ್ಪುನೀರಿನ ಕಡಲು, ಹಿಂದೆ ಮಳೆನೀರು ತುಂಬಿದ ಜವುಗು, ನಡುವೆ ಭಾರವಾದ ಜೇಡಿಮಣ್ಣು.

ಗುಲಾಮರ ಸಲಿಕೆ

ಮೊದಲು ಬಂದ ಡಚ್ಚರು ನದಿಗಳ ಮೇಲ್ಭಾಗದಲ್ಲಿ ತೋಟ ಮಾಡಿದರು. ಅಲ್ಲಿಯ ಮಣ್ಣು ಬೇಗ ಸಾರ ಕಳೆದುಕೊಂಡಿತು. 1746ರಲ್ಲಿ ಡೆಮೆರಾರಾ ನದಿಯ ಪ್ರದೇಶವನ್ನು ಹೊಸ ತೋಟಗಾರರಿಗೆ ತೆರೆದ ಮೇಲೆ ಸಾಗುವಳಿ ಕ್ರಮೇಣ ಕರಾವಳಿಯ ಜೇಡಿ ನೆಲಕ್ಕೆ ಇಳಿಯಿತು. ಸಮುದ್ರಕ್ಕೆ ಒಡ್ಡು ಕಟ್ಟಿ ಜವುಗನ್ನು ಒಣಗಿಸುವ ವಿದ್ಯೆ ಡಚ್ಚರಿಗೆ ತಮ್ಮ ನಾಡಿನಲ್ಲೇ ರೂಢಿಯಾಗಿತ್ತು. ವಿದ್ಯೆ ಅವರದು, ದುಡಿಮೆ ಮಾತ್ರ ಆಫ್ರಿಕದಿಂದ ಹಿಡಿದು ತಂದ ಗುಲಾಮರದು.

ಈ ದುಡಿಮೆ ಎಷ್ಟೆಂಬುದಕ್ಕೆ ಒಂದು ಲೆಕ್ಕವಿದೆ. ಒಂದು ಚದರ ಮೈಲಿ, ಎಂದರೆ 640 ಎಕರೆ ಕಬ್ಬಿಗೆ 49 ಮೈಲಿ ಬಸಿಗಾಲುವೆಗಳೂ 16 ಮೈಲಿ ಮೇಲ್ಮಟ್ಟದ ಕಾಲುವೆಗಳೂ ಬೇಕಾದವೆಂದು 1940ರ ದಶಕದ ಕೊನೆಯಲ್ಲಿ ವಿಚಾರಣೆ ನಡೆಸಿದ ವೆನ್ ಆಯೋಗ ಅಂದಾಜು ಮಾಡಿತು. ಈ ಕಾಲುವೆ, ಒಡ್ಡುಗಳಿಗಾಗಿ ಗುಲಾಮರು ಹತ್ತು ಕೋಟಿ ಟನ್ ಹಸಿ ಜೇಡಿಮಣ್ಣನ್ನು ಸಲಿಕೆಯಲ್ಲೇ ಎತ್ತಿಹಾಕಿದರೆಂದು ಗಯಾನಾದ ಇತಿಹಾಸಕಾರ ವಾಲ್ಟರ್ ರಾಡ್ನಿ ಬರೆದಿದ್ದಾರೆ.

ಎರಡು ಬಗೆಯ ಕಾಲುವೆ

ತೋಟದ ರಚನೆಯನ್ನು ಗಮನಿಸಿ. ಕಡಲ ಕಡೆಗೊಂದು ಒಡ್ಡು, ಹಿಂದಿನ ಜವುಗಿನ ಕಡೆಗೊಂದು ಒಡ್ಡು, ಎರಡು ಪಕ್ಕಕ್ಕೂ ಒಡ್ಡು. ಒಳಗೆ ಮೇಲ್ಮಟ್ಟದ ಕಾಲುವೆ ಸಿಹಿನೀರನ್ನು ತರುತ್ತದೆ. ಕಡಿದ ಕಬ್ಬನ್ನು ತಟ್ಟೆದೋಣಿಗಳಲ್ಲಿ ತುಂಬಿ ಕಾರ್ಖಾನೆಗೆ ಸಾಗಿಸುವುದೂ ಇದರಲ್ಲೇ. ಕೆಳಮಟ್ಟದ ಬಸಿಗಾಲುವೆ ಹೊಲದ ಹೆಚ್ಚುವರಿ ನೀರನ್ನು ಒಯ್ಯುತ್ತದೆ. ಎರಡನ್ನೂ ಬೆರೆಸುವುದಿಲ್ಲ. ಬಸಿಗಾಲುವೆಯ ಕೊನೆಗೆ ನಮ್ಮ ಕೆರೆಯ ತೂಬಿನಂಥ ದೊಡ್ಡ ಬಾಗಿಲಿದೆ. ಅಲ್ಲಿಯವರು ಇದನ್ನು ಕೋಕರ್ ಎನ್ನುತ್ತಾರೆ. ಇಳಿತದ ವೇಳೆ ಅದನ್ನು ಎತ್ತಿ ನೀರು ಬಿಡಬೇಕು, ಉಬ್ಬರ ಬರುವ ಮೊದಲೇ ಇಳಿಸಬೇಕು. ಹೊತ್ತು ತಪ್ಪಿದರೆ ಉಪ್ಪುನೀರು ಒಳನುಗ್ಗುತ್ತದೆ.

ಹೊಲದಲ್ಲಿ ಕಬ್ಬಿನ ಮಡಿಯನ್ನು ನಡುವೆ ಉಬ್ಬಾಗಿ, ಅಂಚಿಗೆ ಇಳಿಜಾರಾಗಿ ಮಾಡುತ್ತಾರೆ. ಬಿದ್ದ ಮಳೆ ನಿಲ್ಲದೆ ಪಕ್ಕದ ಕಾಲುವೆಗೆ ಇಳಿಯುತ್ತದೆ.

ನಮ್ಮ ದೇಶದ ಕೂಲಿಗಳು

1838ರಲ್ಲಿ ಗುಲಾಮರು ಪೂರ್ಣವಾಗಿ ಬಿಡುಗಡೆ ಹೊಂದಿದರು. ಅದೇ ವರ್ಷ ಮೇ 5ರಂದು ಭಾರತದ ಕೂಲಿಗಳನ್ನು ಹೊತ್ತ ಮೊದಲ ಹಡಗುಗಳು ಅಲ್ಲಿಗೆ ಮುಟ್ಟಿದವು. 1917ರವರೆಗೆ ಸುಮಾರು 2 ಲಕ್ಷ 39 ಸಾವಿರ ಭಾರತೀಯರು ಕರಾರಿನ ಮೇಲೆ ಹೋದರು. ಹೆಚ್ಚಿನವರು ಇಂದಿನ ಉತ್ತರ ಪ್ರದೇಶ ಮತ್ತು ಬಿಹಾರದವರು, ಕೆಲವರು ಮದರಾಸು ಬಂದರಿನಿಂದ ಹೋದವರು. ಕಬ್ಬು ಕಡಿದವರು, ಕಾಲುವೆಯ ಹೂಳೆತ್ತಿದವರು ಇವರೇ.

ಒಬ್ಬರಿಂದ ಆಗದ ಕೆಲಸ

ಈ ಇತಿಹಾಸದಲ್ಲಿ ನಾವು ಮುಖ್ಯವಾಗಿ ಗಮನಿಸಬೇಕಾದ ಒಂದು ಸಂಗತಿಯಿದೆ. 1839ರಲ್ಲಿ ಬಿಡುಗಡೆಯಾದ 83 ಮಂದಿ ತಮ್ಮ ಉಳಿತಾಯ ಕೂಡಿಸಿ ನಾರ್ತ್‌ಬ್ರೂಕ್ ಎಂಬ ತೋಟವನ್ನು ಕೊಂಡರು. ಅದೇ ಮುಂದೆ ವಿಕ್ಟೋರಿಯಾ ಗ್ರಾಮವಾಯಿತು. ಇಂಥ ಗ್ರಾಮಗಳು ಹಲವು ಹುಟ್ಟಿದವು. ತಮ್ಮವರೇ ಬೆವರು ಸುರಿಸಿ ಎಬ್ಬಿಸಿದ ನೆಲ ಕೊನೆಗೂ ಅವರದಾಯಿತು. ಆದರೆ ಭೂಮಿ ಸಣ್ಣ ಸಣ್ಣ ಪಾಲಾದ ಮೇಲೂ ಒಡ್ಡು, ಕಾಲುವೆ, ಕೋಕರ್ ಎಲ್ಲರಿಗೂ ಸೇರಿ ಒಂದೇ. ಅವುಗಳ ದುರಸ್ತಿಗೆ ಬೇಕಾದಷ್ಟು ಹಣ ಗ್ರಾಮಸ್ಥರಲ್ಲಿ ಇರಲಿಲ್ಲ. ಕಾಲುವೆ ಹೂಳಿತು, ಊರುಗಳು ಮತ್ತೆ ಮತ್ತೆ ನೀರಿನಲ್ಲಿ ಮುಳುಗಿದವು. ಭೂಮಿಯ ಒಡೆತನ ಸಿಕ್ಕಿತು, ನೀರನ್ನು ಹೊರಹಾಕುವ ಶಕ್ತಿ ಸಿಗಲಿಲ್ಲ.

ಈ ಅಪಾಯ ಇಂದಿಗೂ ತಪ್ಪಿಲ್ಲ. 2005ರ ಜನವರಿಯ ಭಾರಿ ಮಳೆಯಲ್ಲಿ ರಾಜಧಾನಿ ಜಾರ್ಜ್‌ಟೌನ್ ಮತ್ತು ಸುತ್ತಣ ಕರಾವಳಿ ಜಲಾವೃತವಾಯಿತು. ಒಂದೇ ಪ್ರವಾಹದ ನಷ್ಟ ದೇಶದ ವರ್ಷದ ಉತ್ಪನ್ನದ ಅರ್ಧಕ್ಕಿಂತ ಹೆಚ್ಚೆಂದು ಅಂದಾಜಾಯಿತು.

ನಮ್ಮ ಹೊಲದಲ್ಲಿ

ನಮ್ಮಲ್ಲಿ ಕಡಲಿನ ಭಯವಿಲ್ಲ. ಆದರೆ ಘಟಪ್ರಭಾ, ಮಲಪ್ರಭಾ, ಕೃಷ್ಣಾ, ತುಂಗಭದ್ರಾ ಅಚ್ಚುಕಟ್ಟುಗಳಲ್ಲಿ ಸವಳು-ಜವಳಾದ ಭೂಮಿ ನಿಮ್ಮ ಕಣ್ಣೆದುರಿಗೇ ಇದೆ. ಗಯಾನಾದವರು ಜವುಗನ್ನು ಹೊಲ ಮಾಡಿದರು, ನಾವು ಅತಿಯಾಗಿ ನೀರು ಹಾಯಿಸಿ ಹೊಲವನ್ನು ಜವುಗು ಮಾಡುತ್ತಿದ್ದೇವೆ. ಆದ್ದರಿಂದ ಈ ಕೆಲವು ಮಾತುಗಳನ್ನು ನೆನಪಿಡಿ.

ಹೊಲದಲ್ಲಿ ಮೂರು ಅಡಿ ಗುಂಡಿ ತೋಡಿ ಒಂದು ದಿನ ಬಿಟ್ಟು ನೋಡಿ. ತಳದಲ್ಲಿ ನೀರು ಒಸರಿ ನಿಂತಿದ್ದರೆ ಬೇರಿಗೆ ಗಾಳಿ ಸಾಲದೆಂದು ತಿಳಿಯಿರಿ. ಬೇಸಿಗೆಯಲ್ಲಿ ನೆಲದ ಮೇಲೆ ಬಿಳಿ ಉಪ್ಪು ಮೂಡಿದರೆ ಅದೂ ಎಚ್ಚರಿಕೆಯೇ.

ಹೊಲದ ತಗ್ಗಿನ ಅಂಚಿಗೆ ಬಸಿಗಾಲುವೆ ತೆಗೆದು ಹಳ್ಳಕ್ಕೆ ಸೇರಿಸಿ. ಪಕ್ಕದವರ ಹೊಲಕ್ಕೆ ನೀರು ಬಿಟ್ಟರೆ ಅದು ಬಸಿಗಾಲುವೆಯಲ್ಲ, ಜಗಳದ ಕಾಲುವೆ.

ಜಿಪ್ಸಂ ಹಾಕುವ ಮೊದಲು ಮಣ್ಣು ಪರೀಕ್ಷೆ ಮಾಡಿಸಿ. ಕ್ಷಾರದ ಮಣ್ಣಿಗೆ ಅದು ಒಳ್ಳೆಯದೇ. ಆದರೆ ತೊಳೆದ ಉಪ್ಪು ಬಸಿದು ಹೋಗಲು ದಾರಿಯಿಲ್ಲದಿದ್ದರೆ ಜಿಪ್ಸಮ್ಮಿಗೆ ಸುರಿದ ಹಣ ವ್ಯರ್ಥ.

ಎಲ್ಲಕ್ಕಿಂತ ಮುಖ್ಯವಾಗಿ, ಒಂದು ಹಳ್ಳಕ್ಕೆ ನೀರಿಳಿಯುವ ಹೊಲಗಳ ರೈತರೆಲ್ಲ ಸೇರಿ ಮುಂಗಾರಿಗೆ ಮೊದಲೇ ಹೂಳು, ಜೊಂಡು ತೆಗೆಸಿ. ಮೇಲಿನವನು ಮಾಡಿ ಕೆಳಗಿನವನು ಬಿಟ್ಟರೆ ಫಲವಿಲ್ಲ. ನೀರುಗಂಟಿಯನ್ನು ನೇಮಿಸಿ ಕೆರೆಯ ನೀರು ಹಂಚಿಕೊಂಡ ಹಳ್ಳಿಗಳಿಗೆ ಇದು ಹೊಸ ಪಾಠವೇನಲ್ಲ. ನೀರು ಬರುವ ದಾರಿಗೆ ತೋರುವ ಆಸ್ಥೆಯನ್ನು ನೀರು ಹೋಗುವ ದಾರಿಗೂ ತೋರಿಸಿ. ಈ ವಿಷಯವನ್ನು ನಿಮ್ಮ ವಾಚನಾಲಯದಲ್ಲಿ ನಾಲ್ಕು ಜನ ಕೂಡಿದಾಗ ಚರ್ಚಿಸಿ, ಮಣ್ಣು ಪರೀಕ್ಷೆಗೆ ಸಮೀಪದ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ.