ಸಿಪ್ಪೆ ನೆಲಕ್ಕೇ ಬಿಸಾಡಿ: ಸಿಂಗಪುರದ ಲಾಂಗ್ ಬಾರ್

ಬೀದಿಯಲ್ಲಿ ಕಾಗದದ ಚೂರು ಬಿಸಾಡಿದರೂ ದಂಡ ಹಾಕುವ ಊರು ಸಿಂಗಪುರ. ಅಲ್ಲೂ ಒಂದು ಜಾಗದಲ್ಲಿ ಕಡಲೆಕಾಯಿ ಸುಲಿದು ಸಿಪ್ಪೆಯನ್ನು ನೆಲಕ್ಕೇ ಎಸೆಯಬಹುದು, ಯಾರೂ ಗದರುವುದಿಲ್ಲ. ಅದು ರಾಫೆಲ್ಸ್ ಹೋಟೆಲಿನ ಲಾಂಗ್ ಬಾರ್. ಪರಿಷೆ ಮುಗಿದ ಬಸವನಗುಡಿ ರಸ್ತೆಯ ಹಾಗೆ ಕಾಲಡಿಯಲ್ಲೆಲ್ಲ ಚರಚರ ಸದ್ದು.

ಹೋಟೆಲೇನೋ ಹಳೆಯದೇ. ಅರ್ಮೇನಿಯನ್ ಮೂಲದ ಸಾರ್ಕೀಸ್ ಸೋದರರು 1887ರಲ್ಲಿ ಕಡಲ ದಂಡೆಯ ಬಂಗಲೆಯೊಂದರಲ್ಲಿ ಶುರುಮಾಡಿದರು. 1915ರಲ್ಲಿ ಇಲ್ಲಿನ ಬಾರ್‌ಟೆಂಡರ್ ನ್ಯಾಮ್ ಟಾಂಗ್ ಬೂನ್ 'ಸಿಂಗಪುರ್ ಸ್ಲಿಂಗ್' ಕಂಡುಹಿಡಿದ ಎನ್ನುವುದು ಹೋಟೆಲಿನವರು ಹೇಳುವ ಕಥೆ. ಹೆಂಗಸರು ನಾಲ್ಕು ಜನರೆದುರು ಕುಡಿಯುವುದು ಮರ್ಯಾದೆಯಲ್ಲ ಎನ್ನುವ ಕಾಲವಂತೆ. ಆತ ಜಿನ್‌ಗೆ ಚೆರಿ ಮದ್ಯ, ಅನಾನಸ್ ರಸ, ನಿಂಬೆರಸ ಸೇರಿಸಿ ನಸುಗೆಂಪು ಬಣ್ಣ ಬರಿಸಿದ. ನೋಡಿದವರಿಗೆ ಅದು ಬರೀ ಷರಬತ್ತು!

ಈಗಿನ ಬಾರ್ ಮಾತ್ರ ಅಂದಿನ ಜಾಗದಲ್ಲಿಲ್ಲ. ದುರಸ್ತಿಗೆಂದು 1989ರಲ್ಲಿ ಮುಚ್ಚಿದ ಹೋಟೆಲ್ 1991ರಲ್ಲಿ ಮತ್ತೆ ತೆರೆದಾಗ ಲಾಂಗ್ ಬಾರ್ ಆರ್ಕೇಡಿನ ಮೇಲಂತಸ್ತಿಗೆ ಹೋಗಿತ್ತು. 1920ರ ದಶಕದ ಮಲಯ ತೋಟಗಳನ್ನು ನೆನಪಿಸುವಂತೆ ಅದನ್ನು ಸಜ್ಜುಗೊಳಿಸಿದರು: ಕಡುಬಣ್ಣದ ಮರ, ಸುರುಳಿ ಮೆಟ್ಟಿಲು, ಉದ್ದನೆಯ ಕೌಂಟರ್, ಚಾವಣಿಯಿಂದ ತೂಗುವ ಗರಿಯಾಕಾರದ ಬೀಸಣಿಗೆಗಳು. 2017ರಿಂದ 2019ರವರೆಗೆ ಹೋಟೆಲಿಗೆ ಇನ್ನೊಂದು ಸುತ್ತು ರಿಪೇರಿ ಆಯಿತು. ಹೀಗಾಗಿ ಶತಮಾನದ್ದೆಂದು ತೋರುವ ಈ ಅಲಂಕಾರಕ್ಕೆ ಇನ್ನೂ ನಲವತ್ತು ತುಂಬಿಲ್ಲ.

ಇದನ್ನು ಮೋಸ ಎನ್ನಲಾರೆ, ಕೆಲಸ ಅಚ್ಚುಕಟ್ಟಾಗಿದೆ. ಆದರೆ ಆ ಬೀಸಣಿಗೆಗಳನ್ನು ಸ್ವಲ್ಪ ಹೊತ್ತು ನೋಡಬೇಕು. ಹಿಂದೆ ದೊರೆಗಳ ಮನೆಗಳಲ್ಲಿ ಪಂಖಾ ಆಡಬೇಕೆಂದರೆ ಹಗ್ಗ ಹಿಡಿದು ಎಳೆಯುವ ಆಳು ಬೇಕಿತ್ತು. ಇಲ್ಲಿ ಮೋಟಾರು ಅವನ್ನು ಒಟ್ಟಿಗೇ ತೂಗುತ್ತದೆ. ಮಲಯದ ರಬ್ಬರ್ ತೋಟಗಳಲ್ಲಿ ಹಾಲು ಇಳಿಸಿದವರಲ್ಲಿ ಬಹಳ ಮಂದಿ ತಮಿಳು ನಾಡಿನಿಂದ ಹೋದ ಕೂಲಿಗಳು. ವಿನ್ಯಾಸಕಾರರಿಗೆ ದೊರೆಯ ಜಗಲಿ ನೆನಪಾಗಿದೆ, ಕೂಲಿಗಳ ಲೈನ್ ಮನೆ ನೆನಪಾಗಿಲ್ಲ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳನ್ನು ಕಂಡವರಿಗೆ ಈ ಕೊರತೆ ತಟ್ಟನೆ ಕಣ್ಣಿಗೆ ಬೀಳುತ್ತದೆ.

ಸ್ಲಿಂಗ್ ಸಿಹಿ ಜಾಸ್ತಿ, ಬೆಲೆ ಅದಕ್ಕಿಂತ ಜಾಸ್ತಿ. ಮದ್ಯ ಬೇಡವೆಂದರೆ ಅದಿಲ್ಲದ ಸ್ಲಿಂಗೂ ಸಿಗುತ್ತದೆ. ಸಿಟಿ ಹಾಲ್ ಮೆಟ್ರೊ ನಿಲ್ದಾಣದಿಂದ ನಡೆದೇ ಹೋಗಬಹುದು. ಬಾಗಿಲಲ್ಲಿ ಪ್ರವಾಸಿಗರ ಸಾಲು ಇದ್ದದ್ದೇ, ಆದಷ್ಟು ಬೇಗ ಹೋಗಿ.