ಮುಖ ಯಾರದೋ, ಮುಗುಳ್ನಗೆ ಯಾರದೋ

2016ರ ಅಕ್ಟೋಬರ್ 14ರಂದು ಕೋಡಿ ರಾಮಕೃಷ್ಣ ನಿರ್ದೇಶನದ ‘ನಾಗರಹಾವು’ ತೆರೆಕಂಡಿತು. ತಾರಾಗಣದಲ್ಲಿ ರಮ್ಯಾ, ದಿಗಂತ್ ಇದ್ದರೂ ಅಭಿಮಾನಿಗಳು ಕಾದು ಕೂತದ್ದು ಇನ್ನೊಬ್ಬರಿಗಾಗಿ. 2009ರ ಡಿಸೆಂಬರ್ 30ರಂದು ತೀರಿಕೊಂಡಿದ್ದ ವಿಷ್ಣುವರ್ಧನ್, ಚಿತ್ರದ ಕೊನೆಯ ಭಾಗದಲ್ಲಿ ಮತ್ತೆ ತೆರೆಯ ಮೇಲೆ ಬಂದರು. ತೆಲುಗಿನ ‘ಈಗ’ ಚಿತ್ರದ ನೊಣಕ್ಕೆ ಜೀವ ತುಂಬಿದ್ದ ಹೈದರಾಬಾದಿನ ಮಕುಟ ಸಂಸ್ಥೆ ಅವರ ತಲೆಯನ್ನು ಕಂಪ್ಯೂಟರಿನಲ್ಲಿ ಕಟ್ಟಿತ್ತು. ಮೈ ಮಾತ್ರ ಬೇರೊಬ್ಬ ನಟನದು.

ಮೈಗೆ ತಲೆ ಕೂರಿಸಿದರೆ ಅರ್ಧ ಕೆಲಸ ಮುಗಿಯಿತು, ಅಷ್ಟೆ. ಆ ಮುಖ ಹುಬ್ಬೇರಿಸಬೇಕು, ಕಣ್ಣು ಕಿರಿದಾಗಿಸಬೇಕು, ನಗಬೇಕು. ಇಲ್ಲದವರ ಮುಖಕ್ಕೆ ಈ ಚಲನೆ ಬರಬೇಕಾದದ್ದು ಇರುವವರಿಂದಲೇ: ಒಂದೋ ಅನಿಮೇಟರ್‌ಗಳ ಕೈಯಿಂದ, ಇಲ್ಲವೇ ಇನ್ನೊಬ್ಬ ನಟನ ಮುಖದಿಂದ. ಒಬ್ಬರ ಮುಖಭಾವವನ್ನು ಇನ್ನೊಂದು ಮುಖಕ್ಕೆ ದಾಟಿಸುವ ಈ ಎರಡನೆಯ ದಾರಿ ಸವೆಯಲು ದಶಕಗಳೇ ಹಿಡಿದವು.

ಕಥೆ ಶುರುವಾಗುವುದು 1972ರಲ್ಲಿ. ಪುಟ್ಟಣ್ಣ ಕಣಗಾಲರ ‘ನಾಗರಹಾವು’ ರಾಮಾಚಾರಿಯ ಪಾತ್ರದಲ್ಲಿ ವಿಷ್ಣುವರ್ಧನ್ ಅವರನ್ನು ನಾಯಕನನ್ನಾಗಿಸಿದ್ದೂ ಅದೇ ವರ್ಷ. ಅತ್ತ ಅಮೆರಿಕದ ಯೂಟಾ ವಿಶ್ವವಿದ್ಯಾಲಯದಲ್ಲಿ ಫ್ರೆಡ್ರಿಕ್ ಪಾರ್ಕ್ ಎಂಬ ವಿದ್ಯಾರ್ಥಿ ಮನುಷ್ಯನ ಮುಖದ ಮೇಲೆ ಗೆರೆಗಳನ್ನು ಎಳೆದು, ಫೋಟೊ ತೆಗೆದು, ಗೆರೆ ಕೂಡುವ ಬಿಂದುಗಳನ್ನು ಅಳೆದು ಕಂಪ್ಯೂಟರಿಗೆ ಉಣಿಸಿದ. ಸುಮಾರು 250 ಬಹುಭುಜಗಳ ಮುಖ ಅದು. ಒಂದು ಭಾವದಲ್ಲಿ ಬಿಂದುಗಳು ಎಲ್ಲಿವೆ, ಇನ್ನೊಂದರಲ್ಲಿ ಎಲ್ಲಿವೆ ಎಂಬುದು ತಿಳಿದ ಮೇಲೆ ನಡುವಿನ ಚಿತ್ರಗಳನ್ನು ಲೆಕ್ಕವೇ ತುಂಬಿಕೊಟ್ಟಿತು. ಆದರೆ ಆ ಅಳತೆಗಳು ಒಂದೇ ಮುಖದ ಸೊತ್ತು. ಹೊಸ ಮುಖ ಬೇಕೆಂದರೆ ಎಲ್ಲವನ್ನೂ ಮತ್ತೆ ಅಳೆಯಬೇಕಿತ್ತು.

1990ರಲ್ಲಿ ಲ್ಯಾನ್ಸ್ ವಿಲಿಯಮ್ಸ್ ಬೇರೆ ಉಪಾಯ ಹೂಡಿದರು. ನಟನ ಮುಖಕ್ಕೆ ಬೆಳಕು ಪ್ರತಿಫಲಿಸುವ ಚುಕ್ಕಿಗಳನ್ನು ಅಂಟಿಸಿ, ಅವುಗಳ ಓಡಾಟವನ್ನು ಕ್ಯಾಮೆರಾದಲ್ಲಿ ಹಿಡಿದು, ಕಂಪ್ಯೂಟರಿನ ಮುಖವನ್ನು ಅದರಿಂದಲೇ ಆಡಿಸಿದರು. ಇಲ್ಲಿ ಎದುರಾದದ್ದು ಅಳತೆಯ ತೊಡಕು. ಅಗಲ ದವಡೆಯವನ ಬಾಯಿ ತೆರೆಯುವಷ್ಟೇ ದೂರ ಸಣ್ಣ ದವಡೆಯ ಬಾಯನ್ನು ಎಳೆದರೆ ನಗು ವಿಕಾರವಾಗುತ್ತದೆ. ಕಾರ್ಖಾನೆಗಳಲ್ಲಿ ದುಡಿದವರಿಗೆ ಈ ಪೇಚು ಚೆನ್ನಾಗಿ ಗೊತ್ತು: ಒಂದು ಪ್ರೆಸ್ಸಿಗೆಂದು ಮಾಡಿದ ಡೈ ಇನ್ನೊಂದರಲ್ಲಿ ಹಾಗೇ ಕೂರುವುದಿಲ್ಲ.

2001ರಲ್ಲಿ ಸಂಶೋಧಕರಾದ ನೋ ಮತ್ತು ನಾಯ್ಮನ್, ಬಿಂದು ಸರಿದ ದೂರವನ್ನೂ ದಿಕ್ಕನ್ನೂ ಎದುರಿನ ಮುಖದ ಉಬ್ಬುತಗ್ಗಿಗೆ ತಕ್ಕಂತೆ ತಿದ್ದುವ ವಿಧಾನ ಕೊಟ್ಟರು. 2004ರಲ್ಲಿ ರಾಬರ್ಟ್ ಸಮ್ನರ್ ಮತ್ತು ಯೋವಾನ್ ಪೊಪೊವಿಚ್ ಇನ್ನೊಂದು ಹೆಜ್ಜೆ ಮುಂದೆ ಹೋದರು. ಬಿಂದು ಎಲ್ಲಿಗೆ ಹೋಯಿತು ಎಂಬುದನ್ನು ಬಿಟ್ಟು, ಆಕೃತಿಯ ಮೈಯನ್ನು ಹೆಣೆದ ಒಂದೊಂದು ತ್ರಿಕೋನವೂ ಎಷ್ಟು ಹಿಗ್ಗಿತು, ಎಷ್ಟು ತಿರುಗಿತು ಎಂಬುದನ್ನಷ್ಟೇ ಅವರು ದಾಟಿಸಿದರು. ಎರಡು ಆಕೃತಿಗಳಲ್ಲಿ ಯಾವುದಕ್ಕೆ ಯಾವುದು ಸಮ ಎಂದು ಕೆಲವು ಬಿಂದುಗಳನ್ನು ಗುರುತಿಸಿಕೊಟ್ಟರೆ ಸಾಕು. ಕುದುರೆಯ ಓಟವನ್ನು ಒಂಟೆಗೂ, ಒಬ್ಬರ ಮುಖಭಾವವನ್ನು ಇನ್ನೊಬ್ಬರ ಮುಖಕ್ಕೂ ಅವರು ಹೀಗೇ ದಾಟಿಸಿ ತೋರಿಸಿದರು.

ಮನುಷ್ಯನ ಮುಖದಿಂದ ಗೊರಿಲ್ಲಾದ ಮುಖಕ್ಕೆ ಹೋಗಬೇಕಾದಾಗ ಆಕಾರದ ಲೆಕ್ಕವೂ ಸಾಲಲಿಲ್ಲ. 2005ರ ‘ಕಿಂಗ್ ಕಾಂಗ್’ನಲ್ಲಿ ನಟ ಆ್ಯಂಡಿ ಸರ್ಕಿಸ್ ಅವರ ಮುಖಭಾವವನ್ನು ಕಾಂಗ್‌ಗೆ ದಾಟಿಸಲು ನ್ಯೂಜಿಲೆಂಡಿನ ಮಾರ್ಕ್ ಸಾಗರ್ ಮನಶ್ಶಾಸ್ತ್ರದ ಕದ ತಟ್ಟಿದರು. ಮುಖದ ಯಾವ ಸ್ನಾಯು ಎಳೆದರೆ ಯಾವ ಬದಲಾವಣೆ ಕಾಣುತ್ತದೆ ಎಂದು ಪಾಲ್ ಎಕ್ಮನ್ ಮತ್ತು ವ್ಯಾಲೇಸ್ ಫ್ರೀಸನ್ 1978ರಲ್ಲೇ ಪಟ್ಟಿ ಮಾಡಿಟ್ಟಿದ್ದರು. ಸರ್ಕಿಸ್ ಮುಖದಲ್ಲಿ ಯಾವ ಸ್ನಾಯು ಎಷ್ಟು ಎಳೆಯಿತು ಎಂದು ಮೊದಲು ಓದಿ, ಅದನ್ನೇ ಕಾಂಗ್‌ನ ಮುಖಕ್ಕೆ ಹೇಳಿದ್ದರಿಂದ ಗೊರಿಲ್ಲಾ ತನ್ನದೇ ರೀತಿಯಲ್ಲಿ ಹುಬ್ಬು ಗಂಟಿಕ್ಕಿತು. ಇಂದು ಸ್ಟುಡಿಯೊಗಳಲ್ಲಿ ಬ್ಲೆಂಡ್‌ಶೇಪ್ ಎಂದು ಕರೆಯುವ ಪದ್ಧತಿಯೂ ಇದಕ್ಕೆ ಹತ್ತಿರದ್ದು. ದವಡೆ ತೆರೆದದ್ದು ಒಂದು ಆಕಾರ, ಎಡಗಣ್ಣು ಮುಚ್ಚಿದ್ದು ಇನ್ನೊಂದು. ಒಂದೊಂದಕ್ಕೂ ಸೊನ್ನೆಯಿಂದ ಒಂದರವರೆಗಿನ ಅಂಕಿ. ಎರಡು ಮುಖಗಳಿಗೂ ಅದೇ ಹೆಸರಿನ ಆಕಾರಗಳಿದ್ದರೆ ಅಂಕಿಗಳನ್ನಷ್ಟೇ ದಾಟಿಸಬಹುದು. 2017ರ ಐಫೋನ್ ಟೆನ್ ಇಂಥ ಸುಮಾರು 50 ಅಂಕಿಗಳನ್ನು ಮುಖ ನೋಡಿಯೇ ಓದುವಂತಾದಾಗ ಈ ವಿದ್ಯೆ ಸ್ಟುಡಿಯೊ ಬಿಟ್ಟು ಜೇಬಿಗೆ ಇಳಿಯಿತು.

ಹಾಗೆಂದು ಕೈಕೆಲಸ ತಪ್ಪಿಲ್ಲ. ಪ, ಬ, ಮ ನುಡಿಯಲು ತುಟಿಗಳು ಪೂರ್ತಿ ಕೂಡಲೇಬೇಕು. ಅಂಕಿ ಸರಿಯಾಗಿದ್ದೂ ಹೊಸ ಮುಖದ ತುಟಿ ದಪ್ಪಗಿದ್ದರೆ ಒಂದರೊಳಗೊಂದು ಹೊಕ್ಕುಬಿಡುತ್ತದೆ, ತೆಳ್ಳಗಿದ್ದರೆ ಕೂದಲೆಳೆಯಷ್ಟು ಸಂದಿ ಉಳಿಯುತ್ತದೆ. ನೋಡುವವರಿಗೆ ಕಾರಣ ತಿಳಿಯದಿದ್ದರೂ ಏನೋ ಸರಿಯಿಲ್ಲ ಎನ್ನುವುದು ಥಟ್ಟನೆ ತಿಳಿಯುತ್ತದೆ. ಅದು ಪರಿಚಿತ ಮುಖವಾದರಂತೂ ಮುಗಿಯಿತು. ಕೈಯ ಕಡಗ ತಿರುಗಿಸುವ ರೀತಿಯಿಂದಲೇ ವಿಷ್ಣುವರ್ಧನ್ ಅವರನ್ನು ಗುರುತಿಸುವ ಪ್ರೇಕ್ಷಕನಿಗೆ ಅವರ ತುಟಿಯಂಚಿನ ನಗು ಬಾಯಿಪಾಠ. ಬದುಕಿರುವ ನಟನಾದರೆ ಸ್ಕ್ಯಾನರ್ ಮುಂದೆ ಕೂರಿಸಿ ಒಂದೊಂದು ಭಾವವನ್ನೂ ಅಳೆಯಬಹುದು. ಇಲ್ಲದವರಿಗೆ ಹಳೆಯ ಚಿತ್ರಗಳೇ ಗತಿ.

2016ರ ‘ನಾಗರಹಾವು’ ಬಂದ ಎರಡೇ ತಿಂಗಳಿಗೆ ಹಾಲಿವುಡ್ಡಿನ ‘ರೋಗ್ ಒನ್’ ಕೂಡ ಇದೇ ಸಾಹಸಕ್ಕೆ ಇಳಿಯಿತು. 1994ರಲ್ಲಿ ತೀರಿಕೊಂಡಿದ್ದ ಪೀಟರ್ ಕುಶಿಂಗ್ ಅವರ ಮುಖವನ್ನು ಅದರಲ್ಲಿ ಆಡಿಸಿದ್ದು ಗೈ ಹೆನ್ರಿ ಎಂಬ ನಟ. ಮುಖದ ಒಡೆಯನ ಹಕ್ಕಿನ ಚರ್ಚೆ ಆಮೇಲೆ ಬಲವಾಯಿತು. 2023ರಲ್ಲಿ ಅಮೆರಿಕದ ನಟರ ಸಂಘ ತಿಂಗಳುಗಟ್ಟಲೆ ಮುಷ್ಕರ ಹೂಡಿ, ಡಿಜಿಟಲ್ ಪ್ರತಿರೂಪಕ್ಕೆ ಒಪ್ಪಿಗೆ ಬೇಕೆಂಬ ಷರತ್ತನ್ನು ಒಪ್ಪಂದಕ್ಕೆ ಸೇರಿಸಿತು. ಅದೇ ವರ್ಷ ದೆಹಲಿ ಹೈಕೋರ್ಟ್ ಅನಿಲ್ ಕಪೂರ್ ಅವರ ಹೆಸರು, ಚಹರೆ, ದನಿಯನ್ನು ಅನುಮತಿಯಿಲ್ಲದೆ ಬಳಸಿಕೊಳ್ಳದಂತೆ ತಡೆ ನೀಡಿತು.

ಇವೆಲ್ಲ ಬೇಕಾದವೇ. ಆದರೆ ಇಷ್ಟು ವರ್ಷಗಳ ಲೆಕ್ಕಾಚಾರ ಹೇಳುವ ಇನ್ನೊಂದು ಸತ್ಯವಿದೆ. ಮುಖ ಒಬ್ಬರಿಂದ, ಚಲನೆ ಇನ್ನೊಬ್ಬರಿಂದ ಬರುವಾಗ ತೆರೆಯ ಮೇಲಿನ ಅಭಿನಯ ಇಬ್ಬರ ದುಡಿಮೆ. ಎಲ್ಲಿ ರೆಪ್ಪೆ ಬಡಿಯಬೇಕು, ಎಲ್ಲಿ ನಗು ತಡೆಹಿಡಿಯಬೇಕು ಎಂದು ಆ ಕ್ಷಣದಲ್ಲಿ ತೀರ್ಮಾನಿಸಿದವರು ಪೋಸ್ಟರಿನಲ್ಲಿ ಕಾಣುವವರಲ್ಲ. ಪ್ರಖ್ಯಾತ ಮುಖಕ್ಕೆ ಕಾನೂನಿನ ಕಾವಲು ಸಿಗುತ್ತಿರುವ ಈ ಹೊತ್ತಿನಲ್ಲಿ, ಅದಕ್ಕೆ ತನ್ನ ಮುಖಭಾವವನ್ನು ಎರವಲು ಕೊಟ್ಟ ನಟನಿಗೂ ಅನಿಮೇಟರಿಗೂ ಸಿಗಬೇಕಾದದ್ದು ಅಭಿನಯದ ಪಾಲು, ತಾಂತ್ರಿಕ ಸಿಬ್ಬಂದಿಯ ಉದ್ದ ಪಟ್ಟಿಯಲ್ಲೊಂದು ಸಾಲಲ್ಲ.